ಎರಡು ರಿಂಗಿನ ಸೋಮವಾರಗಳು

ಸೋಮವಾರ, 23 ಮೇ 2005

ಇಡೀ ದಿನ ರಿಸಲ್ಟು, ರಿಸಲ್ಟು. ಬೈಲಹೊಂಗಲದ ಅರ್ಧ ಊರು ನಾನು ಕೆಲಸ ಮಾಡುವ ಅಪ್ಪುವಿನ ನೆಟ್ ಅಂಗಡಿಯ ಮುಂದೆ. ರಜಿಸ್ಟರ್ ನಂಬರ್ ಒತ್ತಿ ಒತ್ತಿ ಬೆರಳು ನೋವು. ಪಾಸಾದವರು ಪೇಡೆ ಕೊಡುತ್ತಾರೆ. ಫೇಲಾದವರು ನನ್ನನ್ನೇ ದಿಟ್ಟಿಸುತ್ತಾರೆ, ನಾನೇ ಪೇಪರ್ ತಿದ್ದಿದ ಹಾಗೆ.

ಕಾಲು ಎಳೆದುಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅಪ್ಪ ಎಂದಿನಂತೆ ಹೊರಗೆ ಕಟ್ಟೆಯ ಮೇಲೆ. ಫೋನ್ ಬಂತು. ಎರಡು ರಿಂಗ್. ನಿಂತಿತು.

ಅವ್ವ ಕೈಮುಗಿದಳು — ದೇವರಿಗೋ ಫೋನಿಗೋ. "ಅರಾಮ ಅದಾಳ ನನ್ನ ಗಂಗಾ" ಅಂದಳು. ಆಮೇಲೆ ರೊಟ್ಟಿ ಬಡಿಯಲು ಕುಳಿತಳು. ವಾರದಲ್ಲಿ ಈ ಒಂದು ದಿನ ಹೊಟ್ಟೆ ತುಂಬ ಉಣ್ಣುತ್ತಾಳೆ.

ನಮ್ಮ ಮನೆಯ ಹಳೆಯ ಪದ್ಧತಿ. ಊರಿಗೆ ಹೋದವರು ಮುಟ್ಟಿದ ಮೇಲೆ ಎರಡು ರಿಂಗ್ ಕೊಟ್ಟು ಇಡಬೇಕು. ಯಾರೂ ಎತ್ತಬಾರದು, ಬಿಲ್ ಉಳಿಯುತ್ತದೆ. ಮೂರನೆಯದು ಆಯಿತೆಂದರೆ ಮಾತಿದೆ, ಎತ್ತಬೇಕು. ನನ್ನ ತಂಗಿ ಮನೆ ಬಿಟ್ಟು ವರ್ಷವಾಗುತ್ತ ಬಂತು. ಸೋಮವಾರಕ್ಕೊಮ್ಮೆ ಮುಟ್ಟಿದೆ, ಮುಟ್ಟಿದೆ ಅನ್ನುತ್ತಲೇ ಇದ್ದಾಳೆ. ಎಲ್ಲಿಗೆ ಅಂತ ಹೇಳುವುದಿಲ್ಲ.

ಗುರುವಾರ, 26 ಮೇ

ದೊಡವಾಡದಲ್ಲಿ ಕಾಡಪ್ಪ ಮಾವನ ಮದುವೆ. ಹುಡುಗಿ ರಾಮದುರ್ಗದವಳು. ಮುಖ ನೋಡಿ ಪಾಪ ಅನ್ನಿಸಿತು.

ಮಾವ ಅಂದರೆ ಅವ್ವನ ತಮ್ಮ. ಅಕ್ಕನ ಮಗಳು ತನಗೇ ಎಂದು ಗಂಗಾ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ದೊಡ್ಡವಳು ನಾನು, ಆದರೆ ನನ್ನ ಕಾಲು ಸೊಟ್ಟ. ಹಾಗಾಗಿ ಬಚಾವಾದೆ. ಗಂಗಾಳ ಎರಡೂ ಕಾಲು ನೆಟ್ಟಗಿದ್ದವು — ಅರಿಶಿನದ ಹಿಂದಿನ ದಿನ ಅದೇ ಕಾಲಲ್ಲಿ ಓಡಿದಳು. ಮಾವ ಕುಡಗೋಲು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ದಿನಗಟ್ಟಲೆ ಕಾದ. ಅಪ್ಪ ಅಂದೇ ಹೇಳಿಬಿಟ್ಟ: "ನನಗ ಇರಾಕಿ ಒಬ್ಬಾಕಿ ಮಗಳು. ಇನ್ನೊಬ್ಬಾಕಿ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ."

ಇವತ್ತು ಮಾವ ಬಾಸಿಂಗ ಕಟ್ಟಿಕೊಂಡೇ ಅವ್ವನ ಹತ್ತಿರ ಬಂದ. "ಆ ಹುಡುಗಿ ಬಂದ್ರ ಬರ್ಲಿ ಬಿಡಕ್ಕಾ. ನನ್ನ ಸಿಟ್ಟು ಇಳದೈತಿ."

ಅಂದರೆ ಗಂಗಾ ಈಗ ಮನೆಗೆ ಬರಬಹುದು. ಆದರೆ ಅವಳಿಗೆ ಹೇಳುವವರು ಯಾರು? ಹಿಂದೆ ಒಮ್ಮೆ ಮೊದಲ ರಿಂಗಿಗೇ ಎತ್ತಿ "ಗಂಗಾ" ಅಂದೆ. ತಟ್ಟನೆ ಇಟ್ಟಳು. ಮುಂದಿನ ಸೋಮವಾರ ಫೋನೇ ಬರಲಿಲ್ಲ. ಅಂದಿನಿಂದ ಅವ್ವ ಆ ಹೊತ್ತಿಗೆ ನನ್ನನ್ನು ಫೋನಿನ ಹತ್ತಿರ ಬಿಡುವುದಿಲ್ಲ.

ಬುಧವಾರ, 8 ಜೂನ್

ನೆಟ್‌ನಲ್ಲಿ ತಂಗಿಯನ್ನು ಹುಡುಕುವ ಹುಚ್ಚು. ಗಂಗಾ ಎಂದು ಹೊಡೆದರೆ ನದಿ ಬರುತ್ತದೆ. ಆರತಿ, ದೋಣಿ, ಹರಿದ್ವಾರ. ಅಪ್ಪು ಹಿಂದೆ ನಿಂತು ನೋಡಿ ನಕ್ಕ. ಮನೆಯ ಕಥೆ ಅವನಿಗೆ ಗೊತ್ತು.

"ಅಕ್ಕಾರ, ನೆಟ್ ಅಂದ್ರ ರಿಸಲ್ಟ್, ಜಾತಕ ಇಷ್ಟ ಅಂತ ತಿಳದಾರ ಮಂದಿ. ರೈಲು ಟಿಕೆಟ್ ಕನ್‌ಫರ್ಮ್ ಆತೋ ಇಲ್ಲೋ ಇಲ್ಲೇ ಕುಂತು ನೋಡಬಹುದು. ದೊಡ್ಡ ದೊಡ್ಡ ಊರಿನ ಫೋನ್ ಡೈರೆಕ್ಟರಿ ಸುದ್ದಾ ಐತಿ. ಹೆಸರು ಹಾಕಿದ್ರ ನಂಬರ್ ಬರತೈತಿ. ನಂಬರ್ ಹಾಕಿದ್ರ ಹೆಸರು, ಅಡ್ರೆಸ್."

ಕಡೆಯ ಮಾತಿಗೆ ಕೀಬೋರ್ಡಿನ ಮೇಲೆ ಕೈ ನಿಂತಿತು. ನಂಬರ್ ಒಂದು ಸಿಕ್ಕರೆ ಸಾಕು. ಒಂದೇ ಒಂದು ನಂಬರ್.

ಸೋಮವಾರ, 20 ಜೂನ್

ಕಾಲರ್ ಐಡಿ ಡಬ್ಬಿ ತಂದು ಜೋಡಿಸಿದೆ. ಸಿಡಿಲಿಗೆ ಫೋನ್ ಸುಡದ ಹಾಗೆ ಕಾಯುತ್ತದೆ ಎಂದು ಅವ್ವನಿಗೆ ಸುಳ್ಳು. ಅವಳು ಅದಕ್ಕೂ ವಿಭೂತಿ ಹಚ್ಚಿದಳು.

ಎರಡು ರಿಂಗ್. ಡಬ್ಬಿಯಲ್ಲಿ ನಂಬರ್ ಮೂಡಿತು. ಮೊದಲಿಗೆ 020. ಪುಣೆ.

ನನ್ನ ತಂಗಿ ಪುಣೆಯಲ್ಲಿದ್ದಾಳೆ.

ಮಂಗಳವಾರ, 21 ಜೂನ್

ಲೈನ್ ಕಟ್ಟಾಗುತ್ತ, ಮತ್ತೆ ಹತ್ತುತ್ತ, ಅಂತೂ ಡೈರೆಕ್ಟರಿಯ ಪೇಜ್ ತೆರೆಯಿತು. ಆ ನಂಬರ್ ಹಾಕಿದೆ. ಹಿಟ್ಟಿನ ಗಿರಣಿ ಮತ್ತು ಎಸ್‌ಟಿಡಿ. ಪೇಟೆಯ ಹೆಸರು, ಗಲ್ಲಿಯ ಹೆಸರು, ಎಲ್ಲ. ಸ್ಕ್ರೀನ್ ಮುಂದೆ ಕುಳಿತು ಅತ್ತೆ. ಅಪ್ಪು ನೀರಿನ ತಂಬಿಗೆ ಇಟ್ಟು ಹೊರಗೆ ಹೋದ.

ಅಲ್ಲಿಂದಲೇ ಫೋನ್ ಮಾಡಿದೆ. ಎತ್ತಿದವಳು ಗಿರಣಿಯ ಯಜಮಾನಿ. ನನ್ನ ಹರುಕು ಮರಾಠಿ. ಹೌದು, ತೆಳ್ಳನೆಯ ಹುಡುಗಿ, ಪ್ರತಿ ಸೋಮವಾರ ಬರುತ್ತಾಳೆ, ನಂಬರ್ ಒತ್ತುತ್ತಾಳೆ, ಇಡುತ್ತಾಳೆ ಎಂದಳು. ಆಮೇಲೆ ಅನುಮಾನ ಬಂತು. ನೀವು ಯಾರು, ಈ ನಂಬರ್ ಕೊಟ್ಟವರು ಯಾರು?

ಆಗ ನನ್ನ ಜಂಬ ನೋಡಬೇಕಿತ್ತು. ಯಾರೂ ಕೊಟ್ಟಿಲ್ಲ, ನಿಮ್ಮ ಅಡ್ರೆಸ್ಸೂ ನಮ್ಮ ಹತ್ತಿರ ಇದೆ ಎಂದು ಸ್ಕ್ರೀನ್ ನೋಡಿ ಓದಿ ಹೇಳಿದೆ. ಗಲ್ಲಿಯ ಸಮೇತ. ಮಾವನ ಮದುವೆಯ ಸುದ್ದಿಗೆ ಬಾಯಿ ತೆರೆಯುವಷ್ಟರಲ್ಲಿ ಆಕೆ ಫೋನ್ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಇರಲಿ. ಅಕ್ಕ ಹುಡುಕಿದಳು ಎಂದು ತಿಳಿದರೆ ಗಂಗಾಳೇ ಮಾತಾಡುತ್ತಾಳೆ.

ಸೋಮವಾರ, 27 ಜೂನ್

ಬರಲಿಲ್ಲ.

ಸೋಮವಾರ, 4 ಜುಲೈ

ಬರಲಿಲ್ಲ. ಅವ್ವ ಉಣ್ಣಲಿಲ್ಲ. ಮಳೆಗೆ ಲೈನ್ ಹೋಗಿರಬೇಕು ಅಂದೆ. ಹೊರಗೆ ಬಿಸಿಲು.

ಮಂಗಳವಾರ, 5 ಜುಲೈ

ಗಿರಣಿಯವಳು ಇವತ್ತು ಎತ್ತಿದಳು. ನಿಮ್ಮ ಮನೆಯವರಿಗೆ ಇಲ್ಲಿಯ ಅಡ್ರೆಸ್ ಸಿಕ್ಕಿದೆ ಎಂದು ಆ ಹುಡುಗಿಗೆ ಎಚ್ಚರ ಹೇಳಿದಳಂತೆ. ಹುಡುಗಿಯ ಮುಖ ಬಿಳಿಚಿತಂತೆ. ಹೋದವಳು ಈ ಕಡೆ ಮುಖ ಹಾಕಿಲ್ಲ. ಎಲ್ಲಿರುತ್ತಾಳೆ? ಗೊತ್ತಿಲ್ಲ.

ಕುಡಗೋಲು ಹಿಡಿದ ಮಾವ ಕಣ್ಣಮುಂದೆ ಬಂದಿರಬೇಕು. ಈಗ ಎಲ್ಲ ಹೇಳಿದೆ — ಮಾವನ ಮದುವೆ, ಸಿಟ್ಟು ಇಳಿದದ್ದು. ಬಂದರೆ ಹೇಳುತ್ತೇನೆ ಎಂದಳು. ಬಂದರೆ.

ಅವ್ವನಿಗೂ ನಿಜ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. "ನನಗ ಇದ್ದೂವು ಬರೇ ಎರಡ ರಿಂಗ್. ಅವನ್ನೂ ಕಳದಿ" ಅಂದಳು. ಸಾಯಬೇಕು ಅನ್ನಿಸಿತು. ಸುಮ್ಮನೆ ಬರೆಯುತ್ತಿಲ್ಲ, ನಿಜವಾಗಿ ಅನ್ನಿಸಿತು.

ಗುರುವಾರ, 14 ಜುಲೈ

ಬೆಳಗ್ಗೆ ಲೈನ್‌ಮನ್ ಬಂದ. ನಾವು ಕರೆದಿರಲಿಲ್ಲ. ಬಿಚ್ಚಿ ನೋಡಿದ, ಕಂಬ ಹತ್ತಿ ಇಳಿದ.

"ಲೈನ್ ಛಲೋ ಐತ್ರಿ. ಸೋಮವಾರ ಅಷ್ಟ ಫೋನ್ ಕೆಟ್ಟಿರತೈತಿ ಅಂತ ನಿಮ್ಮ ಅಪ್ಪ ಸೋಮಪ್ಪನವರು ಎಕ್ಸ್‌ಚೇಂಜಿಗೆ ಬಂದು ಕಂಪ್ಲೇಂಟ್ ಕೊಟ್ಟಾರ. ಇಂಥಾದ್ದು ನಾ ಎಲ್ಲೂ ಕೇಳಿಲ್ಲ ಬಿಡ್ರಿ."

ಅವ್ವ, ನಾನು ಮುಖ ಮುಖ ನೋಡಿಕೊಂಡೆವು. ಅಪ್ಪ ಗೋಡೆಯ ಕಡೆ ತಿರುಗಿದ.

"ಮತ್ತೊಮ್ಮಿ ನೋಡ್ರಿ" ಅಂದ. "ಕಟ್ಟೀ ಮ್ಯಾಲ ಕುಂತ್ರೂ ಕೇಳಸ್ತಿತ್ತು."

ಒಂದು ಸೋಮವಾರವೂ ಬಿಡದೆ ಕೇಳಿದ್ದಾನೆ. ನಾವು ಗಾಳಿಗೆ ಕುಳಿತಿದ್ದಾನೆ ಅಂದುಕೊಂಡಿದ್ದೆವು.

ಸೋಮವಾರ, 18 ಜುಲೈ

ಅವಳು ಕೊಡದಿದ್ದರೆ ನಾವೇ ಕೊಡೋಣ. ಗಿರಣಿಯವಳಿಗೆ ಮೊದಲೇ ಹೇಳಿಟ್ಟೆ: ದೀಪ ಹಚ್ಚುವ ಹೊತ್ತಿಗೆ ಎರಡು ರಿಂಗ್ ಬರುತ್ತದೆ, ಎತ್ತಬೇಡಿ. ಹುಡುಗಿ ಹಿಟ್ಟಿಗಾದರೂ ಬಂದರೆ, ಅವಳ ಗೆಳತಿ ಯಾರಾದರೂ ಬಂದರೆ, ಮನೆಯಿಂದ ಎರಡು ರಿಂಗ್ ಬರುತ್ತಿದೆ ಎಂದಷ್ಟೇ ಹೇಳಿ. ಗಂಗಾಳಿಗೆ ಅರ್ಥವಾಗುತ್ತದೆ. ನಾವು ಅರಾಮ ಇದ್ದೇವೆ. ಬೆನ್ನು ಹತ್ತುವುದಿಲ್ಲ.

ನಾನು ನಂಬರ್ ಹೇಳಿದೆ, ಅವ್ವ ಒತ್ತಿದಳು. ಎರಡಾದ ಮೇಲೂ ಇಡಲು ಅವಳಿಗೆ ಮನಸ್ಸಿಲ್ಲ. ನಾನೇ ಒತ್ತಿ ಕಟ್ ಮಾಡಿದೆ.

ಸೋಮವಾರ, 25 ಜುಲೈ

ಕೊಟ್ಟೆವು. ಮಳೆ ಶುರು.

ಸೋಮವಾರ, 1 ಆಗಸ್ಟ್

ಮಹಾರಾಷ್ಟ್ರದ ತುಂಬ ನೀರು. ಲೈನೇ ಸಿಗಲಿಲ್ಲ. ನಾನೇ ಪುಣೆಗೆ ಹೋಗುತ್ತೇನೆಂದು ನೆಟ್‌ನಲ್ಲಿ ರೈಲು ನೋಡಿದೆ. ರದ್ದು. ಅದರ ಮುಂದಿನದೂ ರದ್ದು. ಎಲ್ಲ ತೋರಿಸುತ್ತದೆ ಈ ಯಂತ್ರ — ರೈಲು, ಮಳೆ, ಮಂದಿಯ ಮಕ್ಕಳ ಮಾರ್ಕ್ಸು. ನನ್ನ ತಂಗಿ ಉಂಡಳೋ ಇಲ್ಲವೋ ಅದೊಂದು ತೋರಿಸುವುದಿಲ್ಲ.

"ಜೀವಂತ ಅದಾಳಂತ ಗೊತ್ತಾದ್ರ ಸಾಕು" ಎಂದು ಅವ್ವ.

ಸೋಮವಾರ, 15 ಆಗಸ್ಟ್

ಕೊಟ್ಟೆವು. ಗಿರಣಿಯವಳಿಂದ ಸುದ್ದಿಯಿಲ್ಲ. ಅವ್ವ ಗೋಧಿಯ ನುಚ್ಚು ಎರಡು ತುತ್ತು ತಿಂದಳು. ಸೀರೆ ಅವಳ ಮೇಲೆ ನಿಲ್ಲುತ್ತಿಲ್ಲ. ನನ್ನ ಜಂಬಕ್ಕೆ ಬೆಂಕಿ ಬೀಳಲಿ.

ಸೋಮವಾರ, 22 ಆಗಸ್ಟ್, ಸಂಜೆ

ಇವತ್ತು ಅಪ್ಪ ಕಟ್ಟೆಗೆ ಹೋಗಲಿಲ್ಲ. ಒಳಗೆ ಬಂದ. ತಂಬಾಕಿನ ಚಂಚಿ ಹುಡುಕುತ್ತೇನೆ ಎಂದು ಫೋನಿನ ಪಕ್ಕದಲ್ಲೇ ಕುಳಿತ. ಚಂಚಿ ಅವನ ಸೊಂಟದಲ್ಲೇ ಇದೆ.

ಅವ್ವ ನಂಬರ್ ಒತ್ತಿದಳು. ಈಗ ಬಾಯಿಪಾಠವಾಗಿದೆ. ಎರಡು ರಿಂಗ್, ಇಟ್ಟಳು. ದೀಪಕ್ಕೆ ಎಣ್ಣೆ ಹಾಕಲು ಹೋದಳು. ನಾನು ಇದನ್ನು ಬರೆಯುತ್ತ ಕುಳಿತೆ. ಕೈಗೆ ಏನಾದರೂ ಬೇಕಲ್ಲ.

ಫೋನ್.

ಡಬ್ಬಿಯಲ್ಲಿ 020.

ಒಂದು. ಅವ್ವ ಎಣ್ಣೆಯ ಗಿಂಡಿ ಹಿಡಿದು ಬಾಗಿಲಲ್ಲೇ ನಿಂತಳು.

ಎರಡು. ಸಾಕು ತಾಯಿ, ಇಷ್ಟು ಸಾಕು —

ಮೂರು.

ಅವ್ವ ನನ್ನನ್ನು ನೋಡುತ್ತಿದ್ದಾಳೆ. ನನ್ನ ಕೈ ಏಳುತ್ತಿಲ್ಲ. ಎತ್ತಿದರೆ ಮತ್ತೆ...

ನಾಲ್ಕು.

"ಮಾತೈತಿ ಆಕೀದು" ಅಂದ ಅಪ್ಪ. ತಾನೇ ಎದ್ದು ಫೋನ್ ಎತ್ತಿದ.