ಪೂಜೆಗೆ ಕೂಡಿಸಿದ ಪುಸ್ತಕ

ಶನಿವಾರ ಪೇಟೆ, ಪುಣೆ
೨೮ ನವೆಂಬರ್ ೧೯೪೧

ಪ್ರೀತಿಯ ಮಗ ಅವಧೂತನಿಗೆ ಅಪ್ಪನ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ಮರಳುಗಾಳಿಗೆ ಕಣ್ಣು ಉರಿಯುತ್ತದೆ ಎಂದು ಬರೆದಿದ್ದೆ, ಕಡಿಮೆಯಾಯಿತೆ? ದಂಡಿನ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡುವ ಗಡಿಬಿಡಿಯಲ್ಲಿ ಊಟ ತಪ್ಪಿಸಬೇಡ. ನೀನಿರುವ ಊರಿನ ಹೆಸರಿಗೆ ಸರಕಾರದವರು ಮಸಿ ಬಳಿದಿದ್ದರು. ನಮ್ಮ ಕಾಗದಗಳನ್ನೂ ಒಡೆದು ಓದುತ್ತಾರಂತೆ. ಓದಲಿ. ನನ್ನ ನಾಚಿಕೆಗೇಡು ನಿನಗಿಂತ ಮೊದಲು ಯಾರೋ ಅಪರಿಚಿತನಿಗೆ ತಿಳಿಯುವುದು ನನಗೆ ತಕ್ಕದ್ದೇ. ಇಲ್ಲಿ ಚಳಿ ಶುರುವಾಗಿದೆ. ನಿನ್ನ ಮಗಳು ಇಂದೂ ಚೇತರಿಸಿಕೊಂಡಿದ್ದಾಳೆ. ಕೊರಳಿನ ಗಾಯ ಮಾಯ್ದಿದೆ, ದನಿ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಪಿಸುಗುಟ್ಟಿಯೇ ನನ್ನನ್ನು ಗದರುತ್ತಾಳೆ.

ನೀನು ಪಂಕಜಾಕ್ಷಿಗೆ ಬರೆದ ಕಾಗದ ಮೊನ್ನೆ ಬಂತು. ವೈದ್ಯನ ಹೆಂಡತಿಯಾಗಿ, ರೋಗಗಳ ಚಿತ್ರಗಳಿಗೆ ಗುರುತು ಹಾಕಿಕೊಟ್ಟ ವೈದ್ಯದ ಪುಸ್ತಕ ಮನೆಯಲ್ಲಿದ್ದೂ ಮಗಳ ಗಂಟಲು ನೋಡಲಿಲ್ಲವೆ ಎಂದು ಕೇಳಿದ್ದೀಯೆ. ಅವಳು ಓದಿ, ನನ್ನ ಕೈಗೆ ಕೊಟ್ಟು, ನನಗೆ ಬಡಿಸಲು ಒಳಗೆ ಹೋದಳು. ಅವಧೂತ, ಆ ಬೈಗುಳ ನನಗೆ ಬರಬೇಕಾದದ್ದು. ಅವಳು ನಿನಗೆ ಬರೆದದ್ದು ಸುಳ್ಳು. ಅವಳು ಗಂಟಲು ನೋಡಿದ್ದಳು.

ಈ ನವರಾತ್ರಿಯಲ್ಲೂ ಎಂದಿನಂತೆ ಸರಸ್ವತಿಯನ್ನು ಕೂಡಿಸಿದೆ. ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ, ನನ್ನ ಅಲಂಕಾರಶಾಸ್ತ್ರ, ನಾನು ಕೆಲಸ ಮಾಡುವ ಸಂಶೋಧನ ಮಂದಿರದಿಂದ ತಂದ, ಕೋಟೆ ಗಡಿಗಳನ್ನು ಕಾಯುವ ಬಗೆ ಹೇಳುವ ರಾಜನೀತಿಯ ದಪ್ಪ ಗ್ರಂಥ, ಎಲ್ಲದರ ಮೇಲೆ ನಿನ್ನ ವೈದ್ಯದ ಪುಸ್ತಕ ಇಟ್ಟೆ. ಮಗನ ವಿದ್ಯೆ ಎಂಬ ಹೆಮ್ಮೆಯಿಂದ ಅದಕ್ಕೇ ಹೆಚ್ಚು ಗಂಧ ಹಚ್ಚಿದೆ. ದಸರೆಯ ಮುಂಜಾನೆ ಪೂಜೆ ಎತ್ತುವ ತನಕ ಪುಸ್ತಕ ತೆರೆಯುವ ಹಾಗಿಲ್ಲ. ಓದು ತಪ್ಪುತ್ತದೆಂದು ಚಿಕ್ಕಂದಿನಲ್ಲಿ ನೀನು ಆ ದಿನಗಳಿಗಾಗಿ ವರ್ಷವಿಡೀ ಕಾಯುತ್ತಿದ್ದೆ.

ನವಮಿಯ ದಿನ ಇಂದೂಗೆ ಜ್ವರ, ಗಂಟಲುನೋವು. ಪಂಕಜಾಕ್ಷಿ ಚಮಚದಿಂದ ನಾಲಿಗೆ ಒತ್ತಿ ನೋಡಿ ಬಂದಳು. "ಮಾವನವರ, ಗಂಟಲದಾಗ ಬೆಳ್ಳಗ ಏನೋ ಕಟ್ಟಿಧಂಗ ಕಾಣ್ತದ್ರಿ. ಅವರು ಗುರುತು ಹಾಕಿದ ಗಂಟಲಮಾರಿ ಚಿತ್ರದ ಜೋಡಿ ಹೋಲಿಸಿ ನೋಡಬೇಕು. ಪುಸ್ತಕ ತಗೊಳ್ಳೇನ್ರಿ?" ಎಂದಳು. "ಸರಸ್ವತಿ ಕೂತಾಳ. ಅದು ಮೊಸರು ತಿಂದ ಕಫ. ನಾಳೆ ಮುಂಜಾನೆ ನೋಡೀಯಂತ" ಎಂದು ನಾನು ಜ್ಯೇಷ್ಠಮಧು ತೇಯ್ದು ಕೊಟ್ಟೆ. ಸಂಜೆ ಮತ್ತೆ ಕೇಳಿದಳು. "ಪುಸ್ತಕಕ್ಕ ಹ್ಯಾಂಗ ಮರ್ಯಾದಿ ಕೊಡಬೇಕು ಅಂತ ನನಗ ಕಲಿಸಬ್ಯಾಡ" ಎಂದು ಗದರಿದೆ. ಅವಳು ದೇವರಕೋಣೆಯ ಬಾಗಿಲ ತನಕ ಹೋಗಿ ತಿರುಗಿ ಬಂದಳು.

ಹೀಗೆ ಹೇಳಿದವನು ಯಾರು ನೋಡು. ಮಂದಿರದ ಪರವಾಗಿ ಊರೂರು ತಿರುಗಿ ತಾಳೆಗರಿ ಕೂಡಿಸುವವನು. ತಲತಲಾಂತರದಿಂದ ಕುಂಕುಮ ಏರಿಸಿ, ಒಮ್ಮೆಯೂ ಬಿಚ್ಚದೆ, ಕಟ್ಟುಕಟ್ಟೇ ಗೆದ್ದಲಿಗೆ ಕೊಟ್ಟ ಮನೆಗಳಲ್ಲಿ ಕೂತು, ಅವರ ಚಹಾ ಕುಡಿಯುತ್ತಲೇ, ಪುಸ್ತಕ ಇರುವುದು ಓದುವುದಕ್ಕಪ್ಪಾ ಎಂದು ಉಪದೇಶ ಮಾಡಿದವನು. ಆ ಜನ ನಕ್ಕರೆ ಈಗ ನಾನು ತಲೆ ಎತ್ತಲಾರೆ.

ದಸರೆಯ ನಸುಕಿನಲ್ಲಿ ಕೂಸಿನ ಉಸಿರು ಸೀಟಿ ಹೊಡೆಯತೊಡಗಿತು. ಟಾಂಗಾ ಹಿಡಿದು ಆಸ್ಪತ್ರೆಗೆ ಓಡಿದೆವು. ಕೊರಳು ಕೊಯ್ದು ನಳಿಗೆ ಹಾಕಿದ ಮೇಲೆ ಉಸಿರಾಡಿತು. ನಿನ್ನೆಯೇ ತಂದಿದ್ದರೆ ಚುಚ್ಚುಮದ್ದಿನಲ್ಲೇ ಮುಗಿಯುತ್ತಿತ್ತು, ತಾಯಿಯಾದವಳಿಗೆ ಕಣ್ಣಿರಲಿಲ್ಲವೆ ಎಂದು ಡಾಕ್ಟರು ಮರಾಠಿಯಲ್ಲಿ ಎಲ್ಲರೆದುರು ಅವಳನ್ನು ತರಾಟೆಗೆ ತೆಗೆದುಕೊಂಡರು. ಅವಳು ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ. ತನ್ನ ಲಕ್ಷ್ಯಕ್ಕೇ ಬರಲಿಲ್ಲ ಎಂದು ಅವಳೇ ತಪ್ಪು ಹೊತ್ತುಕೊಂಡಳು. ಮಾವನ ಮಾನ ಉಳಿಸಲು ಆಡಿದ ಆ ಮಾತನ್ನೇ ನಿನಗೂ ಬರೆದಳು. ಹಾಗೆ ಬರೆಯುತ್ತಿದ್ದಾಳೆಂದು ಗೊತ್ತಿದ್ದೂ ನಾನು ತಡೆಯಲಿಲ್ಲ.

ಅವಳಿಗೆ ಕೂಡಲೆ ಬರೆ, ತಪ್ಪಾಯಿತೆಂದು ಬರೆ. ನನಗೆ ಬರೆಯದಿದ್ದರೂ ನಡೆಯುತ್ತದೆ, ಬರೆದರೆ ಬೈದೇ ಬರೆ. ಜೇಜುರಿಯ ಖಂಡೋಬ ನಿನ್ನನ್ನು ಕೈಕಾಲು ಗಟ್ಟಿಯಾಗಿ ಮನೆಗೆ ಕರೆತರಲಿ.

ನಿನ್ನ ಅಪ್ಪ,
ಮಾರ್ತಾಂಡರಾವ

ತಾ. ಕ.: ಲಕೋಟೆಗೆ ಅಂಟು ಹಚ್ಚುವಾಗ ಪಂಕಜಾಕ್ಷಿ ಬಂದಳು. ಕಾಗದ ಅವಳ ಕೈಗೆ ಕೊಟ್ಟೆ. ನಿಂತೇ ಪೂರ್ತಿ ಓದಿದಳು. ಹೋಗಲಿ ಬಿಡ್ರಿ ಎನ್ನುತ್ತಾಳೆಂದು ನಾನು ಕಾದೆ, ಅದಕ್ಕೂ ನನಗೆ ನಾಚಿಕೆಯಾಗಬೇಕು. "ಇಂದೂನ ಗಂಟಲ ಕಟ್ಟಿತ್ರಿ, ಮಾವನವರ. ದವಾಖಾನ್ಯಾಗ ನಿಮ್ಮದಕ್ಕೇನಾಗಿತ್ತು?" ಎಂದಳು. ನಾಳೆ ಇಂದೂನನ್ನು ಅದೇ ಡಾಕ್ಟರಿಗೆ ತೋರಿಸಬೇಕು. ಅವಳೂ ಬರುತ್ತಾಳಂತೆ, ಆದರೆ ಈ ಸಲ ಮಾತಾಡುವವಳು ತಾನಲ್ಲವಂತೆ.