ಬಸ್‌ಸ್ಟಾಪ್ ಕಡೆಯ ದಾರಿ

ಅಪ್ಪನ ಮರಗೆಲಸದ ಶೆಡ್ಡು,
ಡಿಸೆಂಬರ್ ೧೫, ಭಾನುವಾರ

ಅಕ್ಕಾ,

‘ಪ್ರೀತಿಯ’ ಅಂತ ಬರೆಯೋಕೆ ಹೋದೆ, ಕೈ ಓಡ್ಲಿಲ್ಲ. ಹೇಗಿದೀಯಾ? ಭಾವನ ಬೆನ್ನುನೋವು ಕಡಿಮೆ ಆಯ್ತಾ? ಪುಟ್ಟಿ ನಡೀತಾಳಾ? ನೀನು ಫೋನ್ ಎತ್ತಲ್ಲ, ಅದಕ್ಕೇ ಈ ಕಾಗದ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದೋನು ನಾನು, ತಪ್ಪಿದ್ರೆ ನಗಬೇಡ. ನಾನು ಚೆನ್ನಾಗಿದೀನಿ. ಅಪ್ಪನೂ ಇದಾನೆ. ಅಮ್ಮ ಇಲ್ಲದ ಮನೇಲಿ ರೇಡಿಯೋ ಹಾಕ್ಕೊಂಡು ಊಟ ಮಾಡ್ತೀವಿ, ಮಾತಾಡೋ ಕಷ್ಟ ಇರಲ್ಲ.

ಚೌಕದಲ್ಲಿ ರಜೆಯ ಸಂತೆ ಕೆಲಸ ಶುರುವಾಗಿದೆ. ನೀನು ಬಣ್ಣದ ಗೊಂಬೆ ಮಾರ್ತಿದ್ದೆಯಲ್ಲ, ಅದೇ ಸಂತೆ. ಮಳಿಗೆ ಕಟ್ಟೋರು ಈ ಸಲವೂ ನಾವೇ. ಆದ್ರೆ ನಕ್ಷೆ ಹಾಕೋಕೆ ಒಬ್ಬ ಮೇಡಂ ಬಂದಿದಾರೆ. ಗಟ್ಟಿ ಹೆಂಗಸು, ಅಪ್ಪನನ್ನೇ ಸುಮ್ಮನಾಗಿಸ್ತಾರೆ. ಹೋದ ವರ್ಷ ಮಳಿಗೆಗಳೆಲ್ಲ ಬೀದಿಗೆ ಬೆನ್ನು ಹಾಕಿ ನಿಂತಿದ್ವು, ಜನ ಹಾಗೇ ದಾಟಿ ಹೋದ್ರು. ಈಗ ಸಾಲು ಮುರಿದು ಎಲ್ಲಾ ಕಡೆಯಿಂದಲೂ ಒಳಗೆ ಕಾಣೋ ಹಾಗೆ ಮಾಡಿದೀವಿ. ನಡುವೆ ಬೆಂಚು. ಕಣ್ಣು ಕುಕ್ಕೋ ದೊಡ್ಡ ಲೈಟು ಕಿತ್ತು, ಕೆಳಗೆ ಹಳದಿ ಬಲ್ಬು. ಮಗು ಕೂತ ತಳ್ಳುಗಾಡಿ ಹತ್ತೋಕೆ ಮೆಟ್ಟಿಲ ಪಕ್ಕ ಇಳಿಜಾರು ಹಲಗೆ. ಅದನ್ನ ಹೊತ್ತು ನನ್ನ ಹೆಗಲ ಚರ್ಮ ಸುಲಿದಿದೆ, ಅದು ಬೇರೆ ಮಾತು.

ಮೊನ್ನೆ ಅಪ್ಪ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೀಟು ಹಾಕ್ತಾ ಇದ್ದೋನು ಇದ್ದಕ್ಕಿದ್ದಂತೆ ಮೇಡಂನ ಕೇಳಿದ: “ಬರೋಕೆ ಮನಸ್ಸಿದೆ, ಕಾಲು ಏಳ್ತಿಲ್ಲ ಅನ್ನೋರು ಇರ್ತಾರಲ್ಲಮ್ಮ, ಅವ್ರಿಗೇನು ಮಾಡ್ತೀರಾ?” ಮೇಡಂ ಪೆನ್ಸಿಲ್ ಕಿವಿಗೆ ಸಿಕ್ಕಿಸ್ಕೊಂಡ್ರು. “ಅಂಥೋರಿಗೆ ದೊಡ್ಡ ಬಾಗಿಲು ಕಂಡ್ರೇ ಹಿಂಜರಿಕೆ. ಪಕ್ಕದಲ್ಲೊಂದು ಸಣ್ಣ ದಾರಿ ಇರಬೇಕು. ಸುಮ್ನೆ ಹಾದು ಹೋಗ್ತಿರೋ ಹಾಗೆ ಬರಬಹುದು, ಯಾರೂ ತಿರುಗಿ ನೋಡಲ್ಲ” ಅಂದ್ರು. ಅಪ್ಪ ಹೋಗಿ ಬಸ್‌ಸ್ಟಾಪ್ ಕಡೆ ಇದ್ದ ಗೀಟು ಅಳಿಸಿದ. ಅಲ್ಲೇ ದಾರಿ ಬಿಟ್ಟ. ದಾರಿ ಬಾಯಲ್ಲೇ ಒಂದು ಮಳಿಗೆ, ಅದನ್ನ ನನಗೂ ಮುಟ್ಟೋಕೆ ಬಿಡದೆ ಒಬ್ಬನೇ ಕಟ್ಟಿದ.

ನಿನ್ನೆ ಮೇಣದಬತ್ತಿ ಮಾರೋನು ಆ ಮಳಿಗೆ ನೋಡೋಕೆ ಹೋಗಿ ಮೊಣಕೈ ಹೊಡ್ಕೊಂಡ. “ಇದ್ಯಾವ ಎಡಚರ ಅಂಗಡಿ ಮಾರಾಯ! ಗಲ್ಲಾ ಎಡಗಡೆ, ಗೂಡು ಎಡಗಡೆ!” ಅಂತ ಕೂಗಾಡಿದ. ಅಪ್ಪ “ಕೈ ತಪ್ಪಿತು” ಅಂದ. ಬಿಚ್ಚಿ ಸರಿ ಮಾಡ್ತೀನಿ ಅಂದ್ರೆ ನನ್ನ ಕೈಯಿಂದ ಸುತ್ತಿಗೆ ಕಿತ್ಕೊಂಡ. ಮೇಣದಬತ್ತಿಯವನಿಗೆ ಬೇರೆ ಮಳಿಗೆ ಕೊಟ್ಟ. ಅಪ್ಪನ ಕೈ ಯಾವತ್ತು ತಪ್ಪಿದೆ ಹೇಳು? ನಮ್ಮ ಮನೇಲಿ ಎಡಗೈಯಲ್ಲಿ ಕುಂಚ ಹಿಡಿಯೋರು ಯಾರು?

ನನಗೆ ಮೈಯೆಲ್ಲ ಉರೀತಿದೆ. ನೀನು ಭಾವನ ಜೊತೆ ಹೊರಟಾಗ ಚೌಕದ ನಡುವೆ ನಿಂತು “ನನಗೆ ಒಬ್ಬನೇ ಮಗ, ಮಗಳಿಲ್ಲ” ಅಂದೋನು ಈ ಮುದುಕನೇ ತಾನೆ? ಬಾಯಿ ಬಿಟ್ಟು ಕರೆಯೋಕೆ ಏನು ರೋಗ? ನಿನ್ನ ಮೇಲೂ ಅಷ್ಟೇ ಸಿಟ್ಟು. ಅಮ್ಮನ್ನ ಎತ್ತಿದ ದಿನ ನಮ್ಮ ಬೀದಿಯ ಬಸ್‌ಸ್ಟಾಪಲ್ಲಿ ಮಗು ಎತ್ಕೊಂಡು ನಿಂತಿದ್ದೆ. ನಾನು ನೋಡ್ದೆ. ಓಡಿ ಬರೋಷ್ಟರಲ್ಲಿ ಬಸ್ ಹತ್ತಿ ಹೋದೆ. ಅಮ್ಮನ ಮುಖ ನೋಡದೆ ಹೋದೆಯಲ್ಲೇ. ಅದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಅಪ್ಪನಿಗಂತೂ ಇಲ್ಲವೇ ಇಲ್ಲ.

ಭಾವನಿಗೆ ಕೇಳಿದೆ ಅಂತ ಹೇಳು. ಪುಟ್ಟಿಯ ಕೆನ್ನೆಗೆ ಒಂದು ಮುತ್ತು, ಮಾವನ ಲೆಕ್ಕದಲ್ಲಿ.

ನಿನ್ನ ತಮ್ಮ,
ಮೊಂಡ

ಇನ್ನೊಂದು ಮಾತು: ಕವರ್ ಅಂಟಿಸ್ತಿದ್ದೆ, ಅಪ್ಪ ಬಂದು ಬಾಗಿಲಲ್ಲಿ ನಿಂತ. “ಅವಳಿಗಾ?” ಅಂದ. ಹೂಂ ಅಂದೆ. ಬಹಳ ಹೊತ್ತು ಕೈಯ ಮರದ ಹೊಟ್ಟು ಒರೆಸ್ಕೊಂಡ. ಆಮೇಲೆ ಹೇಳಿದ್ದನ್ನ ಹಾಗೇ ಬರೀತಿದೀನಿ: “ಶನಿವಾರ ಶುರು. ಬಸ್‌ಸ್ಟಾಪ್ ಕಡೆಯಿಂದ ದಾರಿ ಇದೆ ಅಂತ ಬರಿ. ಅವತ್ತಿನ ಹಾಗೆ ಮಗು ಎತ್ಕೊಂಡು ನಿಂತು ವಾಪಸ್ ಹೋಗೋದು ಬೇಡ.”