ಪಡಸಾಲೆಯ ಪಾಠ

ಇಜೇರಿ
ತಾ. ೮ ನವೆಂಬರ್ ೧೯೩೭

ಚಂದ್ರಾಮನ ಅಪ್ಪನವರಿಗೆ ಸಾಬವ್ವ ಮಾಡುವ ನಮಸ್ಕಾರಗಳು.

ಆಳಂದದಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೋ ಇಲ್ಲವೋ ನೀವು ಬರೆಯಲೇ ಇಲ್ಲ. ಬರೆಯಲಿಲ್ಲ ಎಂದಮೇಲೆ ಕಡಿಮೆಯಾಗಿಲ್ಲ ಎಂದೇ ತಿಳಿದುಕೊಂಡಿದ್ದೇನೆ. ಖಾನಾವಳಿಯ ಎಣ್ಣೆ ಪಲ್ಯ ಬಿಟ್ಟು ನಾಲ್ಕು ದಿನ ಗಂಜಿ ಕುಡಿಯಿರಿ, ಕಚೇರಿಗೆ ಹೋಗುವಾಗ ಜೇಷ್ಠಮಧು ಬಾಯಲ್ಲಿಟ್ಟುಕೊಳ್ಳಿರಿ. ಇಲ್ಲಿ ಅತ್ತೆಯವರು ಗಟ್ಟಿಯಾಗಿದ್ದಾರೆ, ಮೊಣಕಾಲು ನೋವು ಮಾತ್ರ ಹಾಗೇ ಇದೆ. ಎಮ್ಮೆ ಹೆಣ್ಣುಗರು ಹಾಕಿದೆ. ತೊಗರಿ ಹೂವಿಗೆ ಬಂದಿದೆ. ದೀಪಾವಳಿಗೆ ನೀವು ಬರಲಿಲ್ಲವೆಂದು ಮಕ್ಕಳು ಎರಡು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಶೇಂಗಾ ಹೋಳಿಗೆ ಕಂಡು ನಿಮ್ಮನ್ನು ಮರೆತರು.

ನಿಮ್ಮ ಕಾಗದ ಮುಟ್ಟಿತು. ಅತ್ತೆಯವರು ಗಟ್ಟಿಯಾಗಿ ಓದು ಎಂದರು, ಓದಿದೆ. ನೀವು ನನ್ನನ್ನು ಹಟಮಾರಿ ಎಂದು ಬರೆದ ಸಾಲನ್ನಷ್ಟೇ ಬಿಟ್ಟೆ. ನಮ್ಮ ಪಡಸಾಲೆಯಲ್ಲಿ ಸರಕಾರದ ಪರವಾನಗಿ, ಇಜಾಜತ್ ಇಲ್ಲದೆ ಶಾಲೆ ನಡೆಯುತ್ತಿದೆಯೆಂದು ಯಾರೋ ಮೇಲಿನವರಿಗೆ ತಿಳಿಸಿದ್ದಾರೆ, ಆ ಚಾಡಿಯಲ್ಲಿ ಸದ್ಯ ನಿಮ್ಮ ಹೆಸರಿಲ್ಲ, ಹೆಸರು ಬಂತೆಂದರೆ ಕಾರಕೂನಿಕೆಗೆ ಸಂಚಕಾರ, ಆದ್ದರಿಂದ ಪಾಠ ಕೂಡಲೇ ನಿಲ್ಲಿಸು ಎಂದು ಬರೆದಿದ್ದೀರಿ. ನಿಮ್ಮ ಭಯ ಸುಳ್ಳಲ್ಲ. ಈ ಮನೆಯ ಒಲೆ ಉರಿಯುವುದು ನಿಮ್ಮ ನೌಕರಿಯಿಂದ, ಅದು ನನಗೆ ತಿಳಿಯದ್ದಲ್ಲ. ಆದರೆ ನಿಲ್ಲಿಸು ಎಂದು ಬರೆದ ನೀವು ಏನನ್ನು ನಿಲ್ಲಿಸು ಎಂದಿರಿ ಎಂಬುದನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಅದನ್ನಾದರೂ ಬರೆಯುತ್ತೇನೆ, ಬೇಸರಪಡದೆ ಓದಿರಿ.

ಚಂದ್ರಾಮನನ್ನು ಊರ ಶಾಲೆಗೆ ಹಾಕಿ ಒಂದು ವರ್ಷವಾದಾಗ ಏನು ಕಲಿತೆಯೋ ಎಂದು ಅತ್ತೆಯವರು ಕೇಳಿದರೆ ಎದ್ದು ನಿಂತು ‘ಹಾಜಿರ್’ ಎಂದ. ಅಷ್ಟೇ. ಮಾಸ್ತರರು ಕೆಟ್ಟವರಲ್ಲ, ಆದರೆ ಪಾಠವೆಲ್ಲ ಉರ್ದುವಿನಲ್ಲಿ, ಇವನಿಗೆ ಒಂದೂ ತಿಳಿಯದು. ಮಗಳು ಮಲ್ಕಮ್ಮನಿಗಂತೂ ಅಲ್ಲಿ ಜಾಗವೇ ಇಲ್ಲ, ಅದು ಗಂಡುಹುಡುಗರ ಶಾಲೆ. ನನ್ನ ತವರು ಸಿಂದಗಿ ಕಡೆಯದು, ಇಂಗ್ಲಿಷರ ಸೀಮೆ. ಅಲ್ಲಿ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ಬಂದವಳು ನಾನು. ಆ ನಾಲ್ಕು ಇಯತ್ತೆ ಹತ್ತು ವರ್ಷದಿಂದ ಸುಮ್ಮನೆ ಬಿದ್ದಿತ್ತು. ಮಕ್ಕಳಿಗಾದರೂ ಉಪಯೋಗವಾಗಲಿ ಎಂದು ಕೂತೆ.

ಕೂತೆ ಎಂದರೆ ಎಲ್ಲಿ ಕೂಡುವುದು, ಕೆಲಸ ಬಿಡಬೇಕಲ್ಲ. ರೊಟ್ಟಿ ಬಡಿಯುವಾಗ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಸುತ್ತೇನೆ, ಆಮೇಲೆ ಅದೇ ಹಿಟ್ಟು ನಾದುತ್ತೇನೆ. ಅತ್ತೆಯವರಿಗೆ ಇದು ಮೊದಮೊದಲು ಸರಿಬರಲಿಲ್ಲ. “ಹುಡುಗಿಗಿ ರೊಟ್ಟಿ ಬಡಿಯಾಕ ಕಲಸು ಅಂದ್ರ ರೊಟ್ಟಿ ಮ್ಯಾಲ ಬರಿಯಾಕ ಕಲಸಾಕತ್ತೀಯಲ್ಲ ಬೇ” ಎಂದು ಒಂದು ವಾರ ಬೈದರು. ಈಗ ಬೀಸುವಾಗ ಹಾಡಿನ ಬದಲು ಮಲ್ಕಮ್ಮನಿಂದ ಮಗ್ಗಿ ಹೇಳಿಸುತ್ತಾರೆ, ಏಳರ ಮಗ್ಗಿ ಅವರಿಗೂ ಬಾಯಿಪಾಠವಾಗಿದೆ. ಪಾವು, ಅರ್ಧ, ಮುಕ್ಕಾಲು ಕಲಿಸಲೆಂದು ನಾನು ರೊಟ್ಟಿ ಹರಿದು ಇಟ್ಟೆ. ಅರ್ಧದಲ್ಲಿ ಅರ್ಧ ತೆಗೆದರೆ ಎಷ್ಟು ಉಳಿಯಿತು ಎಂದು ಚಂದ್ರಾಮನನ್ನು ಕೇಳುವಷ್ಟರಲ್ಲಿ ಅವನು ಖಾರ ಹಚ್ಚಿಕೊಂಡು ಎಲ್ಲವನ್ನೂ ತಿಂದು ‘ಏನೂ ಉಳಿದಿಲ್ಲ’ ಎಂದ. ಲೆಕ್ಕ ತಪ್ಪೆಂದು ಹೇಗೆ ಹೇಳಲಿ?

ತಾಯಿಯೇ ಮಾಸ್ತರಾದರೆ ಬರುವ ತಾಪತ್ರಯ ಬೇರೆ. ಲೆಕ್ಕ ಬಿಗಿಯಾದ ಕೂಡಲೆ ಚಂದ್ರಾಮನಿಗೆ ನಾನು ಅವ್ವ, ಹೊಟ್ಟೆನೋವು, ತೊಡೆಯ ಮೇಲೆ ತಲೆ. ಶಾಲೆಯ ಮಾಸ್ತರರು ಹುಡುಗ ಮನೆಗೆ ಹೋದಮೇಲೆ ಮುಕ್ತರು. ನಾನು ಬೆಳಿಗ್ಗೆ ಕಿವಿ ಹಿಂಡಿದ ಕೈಯಿಂದಲೇ ಸಂಜೆ ತುತ್ತು ಮಾಡಿ ಕೊಡಬೇಕು, ಅಷ್ಟರೊಳಗೆ ನನ್ನ ಸಿಟ್ಟೂ ಇಳಿದಿರಬೇಕು. ಕೆಲವು ದಿನ ಇಳಿದಿರುವುದಿಲ್ಲ. ಮಲ್ಕಮ್ಮನ ಕಾಟ ಇನ್ನೊಂದು ಬಗೆಯದು. ಭೀಮಾ ಹೊಳೆ ಎಲ್ಲಿಗೆ ಹೋಗುತ್ತದೆ ಎಂದಳು. ಕೃಷ್ಣೆಗೆ ಎಂದೆ. ಕೃಷ್ಣೆ? ಸಮುದ್ರಕ್ಕೆ ಎಂದೆ. ಸಮುದ್ರ ಎಲ್ಲಿಗೆ ಹೋಗುತ್ತದೆ ಎಂದಾಗ ನಾನು ಎದ್ದು ಹೋಗಿ ಎಮ್ಮೆಗೆ ನೀರು ಕುಡಿಸಿದೆ. ನಾಲ್ಕನೆಯ ಇಯತ್ತೆ ಅಲ್ಲಿಗೆ ಮುಗಿಯಿತು.

ಪಕ್ಕದ ಮನೆಯ ಖುರ್ಷಿದಬೇಗಂ ಈ ಗದ್ದಲವನ್ನು ಗೋಡೆಯಾಚೆಯಿಂದ ಕೇಳುತ್ತಿದ್ದರಂತೆ. ಅವರ ಯಜಮಾನರಾದ ದಾವಲಸಾಬರ ಬಟ್ಟೆ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಕನ್ನಡದವರು, ಮಗ ಖಾಜಾನಿಗೆ ಓದಲು ಬರುವುದು ಉರ್ದು ಮಾತ್ರ. ಒಂದು ದಿನ ಹಿತ್ತಲ ಬಾಗಿಲಲ್ಲಿ ನಿಂತು ಕರೆದರು. “ನಿಮ್ ಮಕ್ಕಳಿಗಿ ನಾ ಉರ್ದು ಕಲಸ್ತೇನ್ರಿ, ನಮ್ ಖಾಜಾಗ ನೀವು ಕನ್ನಡ ಕಲಸ್ರಿ. ಫೀಸು ಬರಾಬರ್ ಆಯ್ತು” ಎಂದರು. ಹೀಗೆ ಮಧ್ಯಾಹ್ನ ನಮ್ಮವರಿಬ್ಬರು ಅವರ ಮನೆಗೆ, ಅವರ ಹುಡುಗ ನಮ್ಮ ಮನೆಗೆ. ನಾನು ಒಂದು ವರ್ಷ ಶಾಲೆಗೆ ಕಳಿಸಿದರೂ ಬಾರದ ಉರ್ದುವನ್ನು ಬೇಗಂ ಅವರು ಅಡಕೆ ಕತ್ತರಿಸುತ್ತ ಆರು ತಿಂಗಳಲ್ಲಿ ಚಂದ್ರಾಮನಿಗೆ ಹಿಡಿಸಿದರು. ಅವರು ಒಮ್ಮೆಯೂ ಕಿವಿ ಹಿಂಡಲಿಲ್ಲವಂತೆ. ಇದು ನನಗೆ ಸ್ವಲ್ಪ ಚುಚ್ಚಿತು, ಇರಲಿ.

ಆಮೇಲೆ ಬಡಿಗೇರ ನಾಗಣ್ಣನ ಮಗಳು ಕಾಶಮ್ಮ ಬಂದಳು, ಅವಳ ಹಿಂದೆ ಓಣಿಯ ಇನ್ನೂ ಐದಾರು ಹುಡುಗಿಯರು. ನಾನು ಯಾರನ್ನೂ ಕರೆಯಲಿಲ್ಲ. ಬಾಗಿಲು ತೆರೆದಿತ್ತು, ಬಂದು ಕೂತರು. ಕೂತವರನ್ನು ಏಳಿಸಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಚಾಡಿಕೋರ ಶಾಲೆ ಎಂದದ್ದು ಇದಕ್ಕೆ.

ನಿಮ್ಮ ಕಾಗದ ಬಂದ ಮರುದಿನವೇ ಶಾಲೆಗಳ ತಪಾಸಣೆಯ ಸಾಹೇಬರು ಒಬ್ಬ ಜವಾನನೊಂದಿಗೆ ಬಾಗಿಲಿಗೆ ಬಂದರು. ಪಡಸಾಲೆ ತುಂಬ ಮಕ್ಕಳು, ಬಚ್ಚಿಡಲು ಎಲ್ಲಿ ಸಾಧ್ಯ? ಮನೆ ಯಾರದು ಎಂದು ಕೇಳಿದರು. ಅತ್ತೆಯವರು ಕಂಬ ಹಿಡಿದು ಎದ್ದು, “ಮನಿ ನಂದ್ರಿ, ನಾ ಬದುಕಿರೂತನಾ ನಂದೇ” ಎಂದರು, ಆ ಸಾಹೇಬರು ಮುಂದೆ ಕೇಳಲಿಲ್ಲ. ಮಲ್ಕಮ್ಮನಿಗೆ ಓದು ಎಂದರು. ಅವಳು ಕನ್ನಡ ಓದಿ, ಯಾರೂ ಹೇಳದೆಯೇ ಬೇಗಂ ಅವರ ಉರ್ದು ಪುಸ್ತಕವನ್ನೂ ತೆಗೆದು ಓದಿದಳು. ಸಾಹೇಬರು ಆ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು. “ಹುಡುಗಿ ಚಲೋ ಓದ್ತಾಳ, ಬಾಯಿಯವ್ರ. ನಿಮ್ ಮಕ್ಕಳಿಗಿ ನೀವು ಮನ್ಯಾಗ ಎಷ್ಟರೆ ಕಲಸ್ರಿ, ಯಾರೂ ಬ್ಯಾಡನ್ನಾಂಗಿಲ್ಲ. ಮಂದಿ ಮಕ್ಕಳ್ನ ಕೂಡಿಸಿದ್ರ ಅದು ಮದ್ರಸಾ ಅಂದ್ರ ಶಾಲಿನೇ ಆಗ್ತದ. ಇಜಾಜತ್ ತೊಗೋರಿ, ಇಲ್ಲಂದ್ರ ಬಂದ್ ಮಾಡ್ರಿ. ಇನ್ನೊಮ್ಮಿ ಬಂದ್ರ ನಾ ಹಿಂಗ ಮಾತಾಡಾಂಗಿಲ್ಲ” ಎಂದು ಹೇಳಿ ಹೋದರು. ಗದರಿಸಲಿಲ್ಲ. ಗದರಿಸಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಅಂದೇ ಪಾಠ ನಿಲ್ಲಿಸಿದೆ. ಮಂದಿಯ ಮಕ್ಕಳನ್ನು ಮನೆಗೆ ಕಳಿಸಿದೆ. ಈಗ ನಮ್ಮವರಿಬ್ಬರೇ ಕೂಡುತ್ತಾರೆ, ಚಂದ್ರಾಮನಿಗೆ ಗೆಲ್ಲಲು ಎದುರಿಗೆ ಯಾರೂ ಇಲ್ಲವಾದ್ದರಿಂದ ಮಗ್ಗಿಯ ಹುರುಪೇ ಇಲ್ಲ. ಕಾಶಮ್ಮ ದಿನಕ್ಕೆ ಮೂರು ಸಲ ಮಜ್ಜಿಗೆ ಕೇಳಿಕೊಂಡು ಬರುತ್ತಾಳೆ, ಗಡಿಗೆ ಹಿಡಿದು ನಿಂತು ಒಂದು ಒತ್ತಕ್ಷರ ಕೇಳಿಕೊಂಡು ಹೋಗುತ್ತಾಳೆ. ಅವರ ಮನೆಯಲ್ಲಿ ಎರಡು ಎಮ್ಮೆ ಹಿಂಡುತ್ತವೆ, ಮಜ್ಜಿಗೆಗೆ ಏನು ಬರ? ನನಗೆ ದುಃಖವಾಗುತ್ತದೆ, ಮುಚ್ಚಿಟ್ಟು ಬರೆದು ಏನು ಪ್ರಯೋಜನ. ಮೂರು ದಿನ ಪಡಸಾಲೆ ಸಾರಿಸುವಾಗ ಕಣ್ಣೀರು ಹಾಕಿದೆ. ನಿಮ್ಮ ತಾಯಿಯವರು ಅದನ್ನು ಕಂಡು, ಒಲೆಯ ಹೊಗೆ ಇರಬೇಕು ಎಂದರು. ಒಲೆ ಹೊತ್ತಿಸಿಯೇ ಇರಲಿಲ್ಲ.

ನಾಳೆ ಬೆಳಿಗ್ಗೆ ದಾವಲಸಾಬರು ಬಟ್ಟೆ ತರಲು ಆಳಂದದ ಕಡೆಗೆ ಹೊರಡುತ್ತಾರೆ. ಅವರ ಕೈಯಲ್ಲಿ ಈ ಕಾಗದ, ಸಜ್ಜೆ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸುತ್ತಿದ್ದೇನೆ. ಹಿಂಡಿಗೆ ಖಾರ ಕಡಿಮೆ ಹಾಕಿದ್ದೇನೆ, ಕೆಮ್ಮಿಗಾಗಿ. ಅತ್ತೆಯವರ ಆಶೀರ್ವಾದ, ಮಕ್ಕಳ ನಮಸ್ಕಾರ. ಚಂದ್ರಾಮ ತನಗೊಂದು ಬುಗುರಿ ಬೇಕೆಂದು ಹೇಳಿದ್ದಾನೆ, ಮಲ್ಕಮ್ಮ ಸಮುದ್ರ ಎಲ್ಲಿಗೆ ಹೋಗುತ್ತದೆಂದು ನಿಮ್ಮನ್ನು ಕೇಳಿ ಬರೆಸಬೇಕಂತೆ.

ನಿಮ್ಮ ವಿಧೇಯಳಾದ
ಸಾಬವ್ವ

ತಾ.ಕ. — ಚಕ್ಕಡಿ ಹೂಡಿ ನಿಂತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿಲ್ಲಿಸು ಎಂದಿರಿ, ನಿಲ್ಲಿಸಿದೆ. ಇಜಾಜತ್ ಕೇಳಬೇಡ ಎಂದು ನೀವು ಎಲ್ಲಿಯೂ ಬರೆದಿರಲಿಲ್ಲ. ನಿನ್ನೆ ಅರ್ಜಿ ಕಳಿಸಿದ್ದೇನೆ. ಜಾಗ ನಮ್ಮ ಪಡಸಾಲೆಯಲ್ಲ, ದಾವಲಸಾಬರ ಹಿಂದಿನ ಪಡಸಾಲೆ, ಅವರು ಒಪ್ಪಿದ್ದಾರೆ. ಉರ್ದುವಿನಲ್ಲಿ ಬರೆದವರು ಖುರ್ಷಿದಬೇಗಂ, ಕೆಳಗೆ ಕನ್ನಡದಲ್ಲಿ ಸಹಿ ಮಾಡಿದವಳು ನಾನು. ನಡುವೆ ಗಂಡನ ಹೆಸರೇನು ಎಂದು ಬೇಗಂ ಕೇಳಿದರು. ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಇಲ್ಲವಲ್ಲ. ಅತ್ತೆಯವರನ್ನು ಕೇಳಿದರೆ, “ನನಗ ಕಿವಿ ಕೇಳಾಂಗಿಲ್ಲ ತಂಗಿ” ಎಂದು ಎದ್ದು ಹೋದರು. ಅವರ ಕಿವಿ ಎಷ್ಟು ಚುರುಕು ಎಂಬುದು ನಿಮಗೆ ಗೊತ್ತು. ಹಾಗಾಗಿ ನನ್ನ ತಂದೆಯ ಹೆಸರು ಬರೆಸಿದೆ: ಸಾಬವ್ವ, ಪೀರಪ್ಪನ ಮಗಳು. ಆ ಕಾಗದದಲ್ಲಿ ನೀವು ಎಲ್ಲಿಯೂ ಇಲ್ಲ. ಕಚೇರಿಯಲ್ಲಿ ಯಾರಾದರೂ ಕೇಳಿದರೆ ಆ ಹೆಂಗಸು ಯಾರೋ ನನಗೆ ತಿಳಿಯದು ಎಂದುಬಿಡಿರಿ. ನನಗೆ ಬೇಸರವಿಲ್ಲ. ಬೇಸರವಾದರೂ ಬರೆಯುವುದಿಲ್ಲ.